ರಬ್ಬರ್ ತೋಟದ ಇಂಗಾಲ: ಎಷ್ಟು, ಎಷ್ಟು ದಿನ, ಯಾವುದರ ಜಾಗದಲ್ಲಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿ ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇವೆ.)

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ರಬ್ಬರ್ ತೋಟ ಕಾಡೋ, ಅಲ್ಲವೋ?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯನ್ನು ಕೇಳಿದರೆ, ಕಾಡು ಅನ್ನುತ್ತದೆ. ಯಾವ ದೇಶದಲ್ಲಿ ಎಷ್ಟು ಕಾಡಿದೆ ಅಂತ ಅದು ಲೆಕ್ಕ ಹಾಕುವಾಗ ರಬ್ಬರ್ ತೋಟವೂ ಅದರೊಳಗೆ ಸೇರುತ್ತದೆ. ತಾಳೆ ಎಣ್ಣೆಯ ತೋಟ ಸೇರುವುದಿಲ್ಲ, ರಬ್ಬರ್ ಸೇರುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ಕಾನೂನನ್ನು ಕೇಳಿದರೆ ಉತ್ತರ ಉಲ್ಟಾ. ಅದರ ಪ್ರಕಾರ ರಬ್ಬರ್ ತೋಟ ಅಂದರೆ ಬೇಸಾಯದ ಜಮೀನು, ಅಷ್ಟೇ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಹಾಕಿದ ತೋಟದ ರಬ್ಬರನ್ನು ಯುರೋಪಿನ ಮಾರುಕಟ್ಟೆಗೆ ತರುವ ಹಾಗಿಲ್ಲ.

ಮರ ಅದೇ, ನೆಲ ಅದೇ. ಒಂದು ಕಡೆ ಕಾಡು, ಇನ್ನೊಂದು ಕಡೆ ಕಾಡು ನಾಶ ಮಾಡಿದ್ದಕ್ಕೆ ಸಾಕ್ಷಿ. ಇದು ಕಾಗದದ ಮೇಲಿನ ಜಗಳ ಅಂತ ಸುಮ್ನೆ ಬಿಡುವ ಹಾಗಿಲ್ಲ, ಯಾಕೆಂದರೆ ಮೊದಲನೆಯ ಲೆಕ್ಕದಲ್ಲಿ ಒಂದು ದೇಶ ಹಳೆಯ ಕಾಡನ್ನು ಕಡಿದು ಅಷ್ಟೇ ಜಾಗಕ್ಕೆ ರಬ್ಬರ್ ನೆಟ್ಟರೆ ಕಾಡಿನ ಒಟ್ಟು ಅಂಕಿ ಒಂದು ಹೆಕ್ಟೇರೂ ಕಡಿಮೆಯಾಗುವುದಿಲ್ಲ. ಇಂಗಾಲ ಮಾತ್ರ ಹೋಗಿರುತ್ತದೆ. ಎಷ್ಟು ಹೋಯಿತು, ತೋಟ ಎಷ್ಟು ವಾಪಸ್ ತಂದಿತು, ತಂದಿದ್ದು ಎಷ್ಟು ದಿನ ಉಳಿಯಿತು, ಇವತ್ತಿನ ಮಾತು ಇಷ್ಟೇ.

ಮೊದಲು ಮರವನ್ನು ನೋಡೋಣ. ಹೀವಿಯಾ ಬ್ರಸಿಲಿಯೆನ್ಸಿಸ್ ಅನ್ನುವುದು ಇದರ ಹೆಸರು, ಮೂಲ ಅಮೆಜಾನ್ ಕಾಡು. ಎಲ್ಲ ಮರಗಳ ಹಾಗೆ ಇದೂ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಅದರ ಇಂಗಾಲದಿಂದ ತನ್ನ ಮೈ ಕಟ್ಟಿಕೊಳ್ಳುತ್ತದೆ. ಒಣಗಿಸಿದ ಮರದ ತೂಕದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಇಂಗಾಲ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಇದಕ್ಕೆ 0.47 ಅನ್ನುವ ಅಂಕಿಯನ್ನು ಬಳಸುತ್ತದೆ. ಒಂದು ಟನ್ ಇಂಗಾಲ ಗಾಳಿಗೆ ಹೋದರೆ ಆಕ್ಸಿಜನ್ ಜೊತೆ ಸೇರಿ 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ವರದಿಗಳನ್ನು ಓದುವಾಗ ಯಾರು ಇಂಗಾಲದ ಟನ್ ಹೇಳುತ್ತಿದ್ದಾರೆ, ಯಾರು ಡೈಆಕ್ಸೈಡ್‌ನ ಟನ್ ಹೇಳುತ್ತಿದ್ದಾರೆ ಅಂತ ನೋಡದಿದ್ದರೆ ಒಂದೇ ತೋಟ ಇದ್ದಕ್ಕಿದ್ದಂತೆ ಸುಮಾರು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮಾರುವವರಿಗೆ ಯಾವಾಗಲೂ ದೊಡ್ಡ ಅಂಕಿಯೇ ಇಷ್ಟ.

ಮರವನ್ನು ತೂಗುವುದು ಹೇಗೆ? ನಿಂತ ಮರವನ್ನು ತೂಗುವುದಕ್ಕೆ ಆಗುವುದಿಲ್ಲ. ಹಾಗಾಗಿ ಬೇರೆ ಬೇರೆ ವಯಸ್ಸಿನ ಒಂದಷ್ಟು ಮರಗಳನ್ನು ಕಡಿದು, ಕಾಂಡ, ರೆಂಬೆ, ಎಲೆ ಬೇರೆ ಬೇರೆ ಮಾಡಿ, ಸಾಧ್ಯವಾದರೆ ಬೇರನ್ನೂ ಅಗೆದು, ಒಣಗಿಸಿ ತೂಗುತ್ತಾರೆ. ಬೇರು ಅಗೆಯುವುದು ದೊಡ್ಡ ತಾಪತ್ರಯದ ಕೆಲಸ, ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಆಮೇಲೆ ಕಾಂಡದ ಸುತ್ತಳತೆಗೂ ತೂಕಕ್ಕೂ ಒಂದು ಸೂತ್ರ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಟೇಪು ಹಿಡಿದು ಸುತ್ತಳತೆ ಅಳೆದರೆ ಸಾಕು. ಆದರೆ ಒಂದು ಜಾಗದ ಸೂತ್ರವನ್ನು ಇನ್ನೊಂದು ಜಾಗಕ್ಕೆ ಹಾಗೇ ಎತ್ತಿಕೊಂಡು ಹೋದರೆ ಲೆಕ್ಕ ತಪ್ಪುತ್ತದೆ. ತಳಿ ಬೇರೆ, ಮಣ್ಣು ಬೇರೆ, ಗಿಡಗಳ ನಡುವಿನ ಅಂತರ ಬೇರೆ. ಹಾಲು ತೆಗೆದ ಮರ ಬೇರೆ, ತೆಗೆಯದ ಮರ ಬೇರೆ. ಆಗ್ನೇಯ ಏಷ್ಯಾದ ಅಧ್ಯಯನಗಳನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ ರಬ್ಬರ್ ತೋಟದಲ್ಲಿ ನೆಲದ ಮೇಲಿನ ಇಂಗಾಲ ಹೆಕ್ಟೇರಿಗೆ 25 ಟನ್‌ನಿಂದ 143 ಟನ್‌ವರೆಗೆ ಸಿಕ್ಕಿತು. ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಸ್ವಲ್ಪ ಭಾಗ ನಿಜವಾದ ವ್ಯತ್ಯಾಸವೇ, ಸ್ವಲ್ಪ ಅಳತೆಯ ವ್ಯತ್ಯಾಸ, ಇನ್ನು ಸ್ವಲ್ಪ ತೋಟದ ವಯಸ್ಸಿನದು. ಈ ವಯಸ್ಸಿನ ವಿಷಯದಲ್ಲೇ ಎಲ್ಲರೂ ಎಡವುವುದು, ಅದಕ್ಕೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ರಬ್ಬರ್ ತೋಟಕ್ಕೆ ಒಂದು ಆಯಸ್ಸು ಇದೆ. ಹೆಕ್ಟೇರಿಗೆ ಸುಮಾರು 400ರಿಂದ 550 ಕಸಿ ಗಿಡ ನೆಡುತ್ತಾರೆ. ಆರೇಳು ವರ್ಷಕ್ಕೆ ಕಾಂಡದ ಸುತ್ತಳತೆ 50 ಸೆಂಟಿಮೀಟರ್ ಮುಟ್ಟಿದ ಮೇಲೆ ಟ್ಯಾಪಿಂಗ್ ಶುರು. ಅಲ್ಲಿಂದ ಇಪ್ಪತ್ತು ವರ್ಷ, ಜಾಸ್ತಿ ಅಂದರೆ ಇನ್ನೂ ಕೆಲವು ವರ್ಷ, ತೊಗಟೆ ಕೆರೆದು ಹಾಲು ಇಳಿಸುತ್ತಾರೆ. ಕೆರೆಯುವುದಕ್ಕೆ ಒಳ್ಳೆಯ ತೊಗಟೆ ಉಳಿಯದೆ ಇಳುವರಿ ಬಿದ್ದಾಗ, ಅಂದರೆ 25ರಿಂದ 30 ವರ್ಷಕ್ಕೆ, ಇಡೀ ತೋಟವನ್ನು ಒಮ್ಮೆಲೇ ಕಡಿದು ಹೊಸ ಗಿಡ ನೆಡುತ್ತಾರೆ.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ಅರ್ಥವಾಗುವುದಕ್ಕಾಗಿ ನಾನೇ ಇಟ್ಟುಕೊಂಡವು. ಕಡಿಯುವ ಹೊತ್ತಿಗೆ ಹೆಕ್ಟೇರಿಗೆ 350 ಮರ ಉಳಿದಿವೆ ಅನ್ನಿ. ಗಾಳಿಗೆ ಬಿದ್ದದ್ದು, ರೋಗಕ್ಕೆ ಸತ್ತದ್ದು ಹೋಗಿ ಉಳಿದಷ್ಟು. ಬೇರು ಸೇರಿ ಒಂದೊಂದು ಮರದ ಒಣ ತೂಕ 400 ಕಿಲೋ ಅನ್ನಿ. ಒಟ್ಟು 140 ಟನ್. ಅದರಲ್ಲಿ ಇಂಗಾಲ ಸುಮಾರು 66 ಟನ್. ಡೈಆಕ್ಸೈಡ್ ಲೆಕ್ಕದಲ್ಲಿ 240 ಟನ್ ಮೇಲೆ. ನೋಡುವುದಕ್ಕೆ ಭರ್ಜರಿ ಅಂಕಿ, ಅಲ್ವಾ? ಕರಪತ್ರಗಳಲ್ಲಿ ಅಚ್ಚಾಗುವುದು ಇದೇ.

ಆದರೆ ಆ 66 ಟನ್ ಇರುವುದು ಕೊಡಲಿ ಬೀಳುವ ಹಿಂದಿನ ದಿನ ಮಾತ್ರ. ಮೊದಲನೆಯ ವರ್ಷ ಆ ನೆಲದ ಮೇಲೆ ಏನೂ ಇಲ್ಲ. ಐದನೆಯ ವರ್ಷ ಸ್ವಲ್ಪ. ಹತ್ತನೆಯ ವರ್ಷ ಇನ್ನಷ್ಟು. ಬೆಳವಣಿಗೆ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಆಯಿತು ಅಂದುಕೊಂಡರೆ, ಇಡೀ ಆಯಸ್ಸಿನ ಸರಾಸರಿ 33 ಟನ್ ಅಷ್ಟೇ. ಕಡಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ತಿಂಗಳಲ್ಲಿ ಒಂದು ದಿನ ಖಾತೆಯಲ್ಲಿ ಎಷ್ಟಿತ್ತು ಅಂತ ನೋಡದೆ ಬ್ಯಾಂಕಿನವರು ಸರಾಸರಿ ಬ್ಯಾಲೆನ್ಸ್ ಕೇಳುತ್ತಾರಲ್ಲ, ಹವಾಮಾನದ ಲೆಕ್ಕವೂ ಹಾಗೇ. ಗಾಳಿಯಿಂದ ದೂರ ಉಳಿದ ಇಂಗಾಲ ಅಂದರೆ ಈ ಸರಾಸರಿ. ಒಂದು ಪ್ರದೇಶದಲ್ಲಿ ಎಲ್ಲ ವಯಸ್ಸಿನ ತೋಟಗಳೂ ಇದ್ದರೆ ಯಾವತ್ತು ನೋಡಿದರೂ ಹೆಕ್ಟೇರಿಗೆ ಅಲ್ಲಿರುವುದು ಹೆಚ್ಚು ಕಡಿಮೆ ಅಷ್ಟೇ.

ಇನ್ನೊಂದು ತಮಾಷೆ ನೋಡಿ. ತೋಟ ವರ್ಷಕ್ಕೆ ಇಷ್ಟು ಟನ್ ಇಂಗಾಲ ಹೀರುತ್ತದೆ ಅಂತ ಹೇಳುವ ವರದಿಗಳು ಇರುತ್ತವೆ. ತೋಟದ ಮಧ್ಯೆ ಎತ್ತರದ ಗೋಪುರ ನಿಲ್ಲಿಸಿ, ಮರಗಳ ನೆತ್ತಿಯ ಮೇಲೆ ಗಾಳಿ ಹೋಗುವ ಬರುವ ಲೆಕ್ಕವನ್ನು ಉಪಕರಣ ಇಟ್ಟು ಅಳೆಯುತ್ತಾರೆ. ಅಳತೆ ಸರಿಯಾಗಿಯೇ ಇರುತ್ತದೆ. ಎಳೆಯ ಮತ್ತು ಮಧ್ಯವಯಸ್ಸಿನ ರಬ್ಬರ್ ತೋಟ ಜೋರಾಗಿ ಇಂಗಾಲ ಎಳೆಯುತ್ತದೆ, ಒಪ್ಪಿದೆ. ಅದನ್ನು ತೋರಿಸಿ, ಹಳೆಯ ಕಾಡಿಗಿಂತ ನಮ್ಮ ತೋಟವೇ ಮೇಲು ಅನ್ನುತ್ತಾರೆ. ಹಳೆಯ ಕಾಡು ತುಂಬಿ ನಿಂತಿದೆ. ಅದು ಈಗ ಎಷ್ಟು ಎಳೆಯುತ್ತದೆ ಅನ್ನುವುದಕ್ಕಿಂತ, ಅದರೊಳಗೆ ಇರುವುದು ಹೊರಗೆ ಬಂದರೆ ಏನಾಗುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ವೇಗ ಬೇರೆ, ದಾಸ್ತಾನು ಬೇರೆ. ಈ ಎರಡನ್ನು ಬೆರೆಸಿ ಮಾತಾಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಈಗ ಹಾಲಿನ ಲೆಕ್ಕ. ರಬ್ಬರ್ ಮರದ ವಿಶೇಷವೇ ಇದು. ಬೇರೆ ಮರಗಳಲ್ಲಿ ಇಂಗಾಲ ಒಳಗೆ ಕೂರುತ್ತದೆ. ಇಲ್ಲಿ ಒಂದು ಪಾಲನ್ನು ನಾವು ಎರಡು ಮೂರು ದಿನಕ್ಕೊಮ್ಮೆ ತೊಗಟೆ ಕೆರೆದು ಹೊರಗೆ ತೆಗೆಯುತ್ತೇವೆ. ಹಾಲಿನಲ್ಲಿ ಮೂರನೇ ಒಂದು ಪಾಲಿನಷ್ಟು ರಬ್ಬರ್, ಉಳಿದದ್ದು ಹೆಚ್ಚಾಗಿ ನೀರು. ರಬ್ಬರ್ ಅಂದರೆ ಇಂಗಾಲ ಮತ್ತು ಹೈಡ್ರೋಜನ್ ಮಾತ್ರ ಇರುವ ಉದ್ದನೆಯ ಸರಪಳಿ. ಅದರ ತೂಕದಲ್ಲಿ ನೂರಕ್ಕೆ 88 ಪಾಲು ಇಂಗಾಲವೇ. ಮರಕ್ಕಿಂತ ಎಷ್ಟೋ ದಟ್ಟ. ವರ್ಷಕ್ಕೆ ಹೆಕ್ಟೇರಿಗೆ ಒಂದೂವರೆ ಟನ್ ಒಣ ರಬ್ಬರ್ ಬಂದರೆ 1.3 ಟನ್ ಇಂಗಾಲ ಹೊರಗೆ ಹೋಯಿತು. ಇಪ್ಪತ್ತು ವರ್ಷಕ್ಕೆ 26 ಟನ್. ಆಗಲೇ ಸರಾಸರಿ 33 ಅಂದೆನಲ್ಲ, ಅದರ ಪಕ್ಕದಲ್ಲಿ ಇದೂ ಸಣ್ಣ ಅಂಕಿ ಏನಲ್ಲ.

ಹಾಲು ತೆಗೆದಷ್ಟೂ ಮರ ದಪ್ಪವಾಗುವುದು ನಿಧಾನವಾಗುತ್ತದೆ. ಟ್ಯಾಪಿಂಗ್ ಶುರುವಾದ ಮೇಲೆ ಸುತ್ತಳತೆಯ ಬೆಳವಣಿಗೆ ಕುಂಠಿತವಾಗುವುದು ಬೆಳೆಗಾರರಿಗೆಲ್ಲ ಗೊತ್ತು. ಮರ ತನ್ನ ಕಾಂಡಕ್ಕೆ ಹಾಕಬೇಕಾದದ್ದನ್ನು ಗಾಯದ ಕಡೆಗೆ ಕಳಿಸುತ್ತದೆ. ಹಾಲಿಗೂ ಮರಕ್ಕೂ ನಡುವೆ ಯಾವಾಗಲೂ ಈ ಎಳೆದಾಟ ಇದ್ದೇ ಇದೆ. ಹಾಲೂ ಬೇಕು, ದಪ್ಪ ಕಾಂಡವೂ ಬೇಕು ಅಂತ ಮಲೇಷ್ಯಾದ ರಬ್ಬರ್ ಸಂಶೋಧನಾ ಸಂಸ್ಥೆ ಆರ್‌ಆರ್‌ಐಎಂ 2000 ಸಾಲಿನ ತಳಿಗಳನ್ನು ಬೆಳೆಸಿದ್ದು ಇದಕ್ಕೇ.

ಹೊರಗೆ ಹೋದ ರಬ್ಬರ್ ಏನಾಗುತ್ತದೆ? ಹೆಚ್ಚಿನದು ಟೈರ್ ಆಗುತ್ತದೆ, ಪ್ರಪಂಚದ ನೈಸರ್ಗಿಕ ರಬ್ಬರಿನಲ್ಲಿ ನೂರಕ್ಕೆ ಸುಮಾರು 70 ಪಾಲು. ಟೈರ್ ಕೆಲವೇ ವರ್ಷ ಓಡುತ್ತದೆ. ಒಂದಿಷ್ಟು ರಸ್ತೆಯ ಮೇಲೆ ಪುಡಿಯಾಗಿ ಹೋಗುತ್ತದೆ. ಉಳಿದದ್ದರಲ್ಲಿ ಬಹಳಷ್ಟು ಕೊನೆಗೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲೋ ಇನ್ನೆಲ್ಲೋ ಉರುವಲಾಗುತ್ತದೆ. ಅಲ್ಲಿಗೆ ಇಂಗಾಲ ಗಾಳಿಗೆ ವಾಪಸ್. ಹಾಗಾಗಿ ಹಾಲಿನ ಇಂಗಾಲವನ್ನು ಶೇಖರಣೆ ಅಂತ ದೊಡ್ಡದಾಗಿ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಅದು ಸ್ವಲ್ಪ ತಡವಾಗಿ ಹೊರಡುವ ಇಂಗಾಲ.

ಕಡಿದ ಮರದ ಕಥೆ ಇದಕ್ಕಿಂತ ಪರವಾಗಿಲ್ಲ. ಹಿಂದೆ ರಬ್ಬರ್ ಮರ ಅಂದರೆ ಸೌದೆ, ಇಲ್ಲವೇ ಇದ್ದಿಲು. ಹುಳ ಬೀಳುತ್ತದೆ, ಕಡಿದ ಕೆಲವೇ ದಿನಕ್ಕೆ ಬೂಷ್ಟು ಹಿಡಿದು ನೀಲಿಗಟ್ಟುತ್ತದೆ, ಯಾರಿಗೂ ಬೇಡ. ಬೋರಾನ್ ಉಪ್ಪಿನ ದ್ರಾವಣ ಹತ್ತಿಸಿ ಒಣಗಿಸುವುದನ್ನು ಕಲಿತ ಮೇಲೆ, ಮುಖ್ಯವಾಗಿ 1980ರ ದಶಕದಿಂದ, ಇದು ಪೀಠೋಪಕರಣದ ಮರವಾಯಿತು. ಮಲೇಷ್ಯಾ ಈ ದಾರಿಯಲ್ಲಿ ಮುಂದೆ ನಡೆದ ದೇಶ. ಐಪಿಸಿಸಿಯ ಲೆಕ್ಕದಲ್ಲಿ ಕೊಯ್ದ ಹಲಗೆಯ ಅರ್ಧಾಯುಷ್ಯ 35 ವರ್ಷ, ಪ್ಲೈವುಡ್‌ನಂಥ ಒತ್ತುಹಲಗೆಗಳಿಗೆ 25 ವರ್ಷ, ಕಾಗದಕ್ಕೆ 2 ವರ್ಷ. ಅರ್ಧಾಯುಷ್ಯ ಅಂದರೆ ಅಷ್ಟು ವರ್ಷಕ್ಕೆ ಅದರ ಅರ್ಧ ಹಾಳಾಗಿ ಗಾಳಿಗೆ ಸೇರಿರುತ್ತದೆ ಅಂತ. ಆದರೆ ಇಡೀ ಮರ ಹಲಗೆಯಾಗುವುದಿಲ್ಲ. ಬೇರು ನೆಲದಲ್ಲೇ ಕೊಳೆಯುತ್ತದೆ. ರೆಂಬೆಗಳು ಉರುವಲಿಗೆ. ಕಾಂಡದಲ್ಲೂ ಕೊಯ್ಯುವಾಗ ಹೊಟ್ಟು, ಅಂಚು, ಗಂಟು ಅಂತ ಹೋಗಿ ಉಳಿಯುವುದು ಸಣ್ಣ ಪಾಲು. ಆ ಸಣ್ಣ ಪಾಲಿಗೆ 35 ವರ್ಷದ ಲೆಕ್ಕ. ಸೌದೆಯಾಗಿ ಉರಿದದ್ದು ಕಲ್ಲಿದ್ದಲಿನ ಜಾಗದಲ್ಲಿ ಉರಿದಿದ್ದರೆ ಅಷ್ಟು ಕಲ್ಲಿದ್ದಲು ಉಳಿಯಿತು ಅನ್ನಬಹುದು. ಅದು ಬೇರೆ ಖಾತೆ, ಶೇಖರಣೆಯ ಖಾತೆಗೆ ಬರೆಯುವಂತಿಲ್ಲ.

ಇನ್ನು ಮಣ್ಣು. ಮಣ್ಣನ್ನು ಎಲ್ಲರೂ ಮರೆಯುತ್ತಾರೆ, ಯಾಕೆಂದರೆ ಫೋಟೋದಲ್ಲಿ ಕಾಣುವುದಿಲ್ಲ. ಚೀನಾದ ದಕ್ಷಿಣ ಗಡಿಯಲ್ಲಿ, ಯುನ್ನಾನ್ ಪ್ರಾಂತ್ಯದ ಶಿಷ್ವಾಂಗ್‌ಬನ್ನಾ ಅನ್ನುವ ಕಡೆ ಕಾಡು ಕಡಿದು ರಬ್ಬರ್ ನೆಟ್ಟ ಜಾಗಗಳ ಮಣ್ಣನ್ನು 1.2 ಮೀಟರ್ ಆಳದವರೆಗೆ ಅಳೆದರು. 2013ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಹೆಕ್ಟೇರಿಗೆ ಸರಾಸರಿ 37 ಟನ್ ಇಂಗಾಲ ಮಣ್ಣಿನಿಂದಲೇ ಹೋಗಿತ್ತು. ಮೊದಲಿದ್ದದ್ದರಲ್ಲಿ ಸುಮಾರು ಐದನೇ ಒಂದು ಪಾಲು. ನಮ್ಮ ಲೆಕ್ಕದ ತೋಟ ಸರಾಸರಿ 33 ಟನ್ ಹಿಡಿದಿತ್ತು, ನೆನಪಿದೆಯಾ? ಬರೀ ಮಣ್ಣಿನಿಂದ ಹೋದದ್ದೇ ಅದಕ್ಕಿಂತ ಜಾಸ್ತಿ!

ಯಾಕೆ ಹೋಗುತ್ತದೆ ಅನ್ನುವುದು ಕಷ್ಟದ ವಿಷಯ ಅಲ್ಲ. ಗುಡ್ಡದ ಇಳಿಜಾರಿನಲ್ಲಿ ರಬ್ಬರ್ ನೆಡಲು ಮೆಟ್ಟಿಲು ಮೆಟ್ಟಿಲಾಗಿ ನೆಲ ಕಡಿಯುತ್ತಾರೆ. ನೂರಾರು ವರ್ಷ ತರಗೆಲೆ ಕೊಳೆತು ಆದ ಮೇಲ್ಮಣ್ಣು ಪಕ್ಕಕ್ಕೆ ಹೋಗುತ್ತದೆ, ಕೆಳಗಿನ ಬಡ ಮಣ್ಣು ಮೇಲೆ ಬರುತ್ತದೆ. ಸಾಲುಗಳ ಮಧ್ಯೆ ಕಳೆನಾಶಕ ಹೊಡೆದು ನೆಲ ಬೋಳು ಮಾಡುತ್ತಾರೆ, ಮಳೆಗೆ ಮಣ್ಣು ಕೊಚ್ಚಿ ಹೋಗುತ್ತದೆ. ಕಾಡಿನಲ್ಲಿ ಬೀಳುವಷ್ಟು ಎಲೆ, ಕಡ್ಡಿ, ಸಣ್ಣ ಬೇರು ಇಲ್ಲಿ ಮಣ್ಣಿಗೆ ಸೇರುವುದಿಲ್ಲ. ಆರಂಭದ ವರ್ಷಗಳಲ್ಲಿ ನಷ್ಟ ಜೋರು, ಆಮೇಲೆ ನಿಧಾನ, ಮೇಲ್ಪದರದಲ್ಲಿ ಇಪ್ಪತ್ತು ವರ್ಷದ ಸುಮಾರಿಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಿಂತಿತು ಅಂದ ಮಾತ್ರಕ್ಕೆ ವಾಪಸ್ ಬಂತು ಅಂತ ಅಲ್ಲ.

ಇಷ್ಟಾದ ಮೇಲೆ ನನಗೆ ಬಹಳ ಮುಖ್ಯ ಅನಿಸುವ ಮಾತು. ತೋಟದಲ್ಲಿ ಎಷ್ಟು ಇಂಗಾಲ ಇದೆ ಅನ್ನುವ ಅಂಕಿಗೆ ಒಂಟಿಯಾಗಿ ಬೆಲೆ ಇಲ್ಲ. ಆ ಜಾಗದಲ್ಲಿ ಮೊದಲು ಏನಿತ್ತು ಅಂತ ಕೇಳಿದ ಮೇಲೆಯೇ ಅದಕ್ಕೆ ಅರ್ಥ ಬರುವುದು.

ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಜಾಂಬಿ ಪ್ರಾಂತ್ಯದಲ್ಲಿ ಮಳೆಕಾಡನ್ನೂ, ಅದರ ಜಾಗದಲ್ಲಿ ಬಂದ ಬೇರೆ ಬೇರೆ ತೋಟಗಳನ್ನೂ ಅಕ್ಕಪಕ್ಕ ಇಟ್ಟು ಅಳೆದರು. 2018ರಲ್ಲಿ ಪ್ರಕಟವಾದ ಲೆಕ್ಕ ಅದು. ಕಾಡು ಹೋಗಿ ತಾಳೆ ಎಣ್ಣೆಯ ತೋಟ ಬಂದರೆ ಹೆಕ್ಟೇರಿಗೆ ಸುಮಾರು 174 ಟನ್ ಇಂಗಾಲ ನಷ್ಟ. ಬರೀ ರಬ್ಬರಿನ ತೋಟ ಬಂದರೆ 159 ಟನ್. ಕಾಡುಗಿಡಗಳ ಮಧ್ಯೆಯೇ ಬೆಳೆಸಿದ ರಬ್ಬರ್ ಆದರೆ 116 ಟನ್. ಇದು ತೋಟದಲ್ಲಿ ಬೆಳೆದದ್ದನ್ನು ಕಳೆದು ಉಳಿದ ನಷ್ಟ, ಗಮನಿಸಿ. ತಾಳೆಗಿಂತ ರಬ್ಬರ್ ವಾಸಿ ಅಂತ ಹೇಳುವುದು ಅಂಕಿಯ ಮಟ್ಟಿಗೆ ನಿಜ. ಆದರೆ 174ಕ್ಕೂ 159ಕ್ಕೂ ಇರುವ ವ್ಯತ್ಯಾಸ ಹಿಡಿದುಕೊಂಡು ರಬ್ಬರನ್ನು ಹಸಿರು ಬೆಳೆ ಅನ್ನುವುದು ನಾಚಿಕೆಯ ಮಾತು.

ಅದೇ ರಬ್ಬರನ್ನು ಬೇರೆ ಕಡೆ ನೆಟ್ಟರೆ ಚಿತ್ರವೇ ಬದಲು. ಕಾಡು ಹೋಗಿ ಎಷ್ಟೋ ಕಾಲವಾಗಿ, ಬೆಂಕಿ ಬಿದ್ದು ಬಿದ್ದು ಬರೀ ದರ್ಭೆ ಜಾತಿಯ ಒರಟು ಹುಲ್ಲು ಹಬ್ಬಿದ ನೆಲ ಆಗ್ನೇಯ ಏಷ್ಯಾದಲ್ಲಿ ಬೇಕಾದಷ್ಟು ಇದೆ. ಅಲ್ಲಿ ರಬ್ಬರ್ ನೆಟ್ಟರೆ ಲಾಭವೇ. ಮರವೂ ಬಂತು, ಬೆಂಕಿಯೂ ಕಡಿಮೆಯಾಯಿತು, ಮಣ್ಣಿಗೂ ನೆರಳಾಯಿತು. ಕುಮರಿ ಬೇಸಾಯದ ನೆಲ ಇವೆರಡರ ಮಧ್ಯೆ ಬರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕಡಿದು ಸುಡುವ ಕುರುಚಲು ಇದ್ದಲ್ಲಿ ರಬ್ಬರ್ ಬಂದರೆ ಇಂಗಾಲ ಹೆಚ್ಚಬಹುದು. ಹದಿನೈದು ಇಪ್ಪತ್ತು ವರ್ಷ ಬೀಳು ಬಿಟ್ಟು ಎಳೆ ಕಾಡಾಗಿ ನಿಂತ ಕುಮರಿಯನ್ನು ಕಡಿದು ರಬ್ಬರ್ ಹಾಕಿದರೆ ನಷ್ಟವೇ ಆಗಬಹುದು. ಎರಡನ್ನೂ ಪಾಳು ಭೂಮಿ ಅಂತ ಒಂದೇ ಕಾಲಂನಲ್ಲಿ ಬರೆದುಬಿಡುತ್ತಾರೆ, ಅಲ್ಲೇ ಮೋಸ ನಡೆಯುವುದು.

ನಿಜಕ್ಕೂ ಏನಾಯಿತು ಅನ್ನುವುದಕ್ಕೆ ಉಪಗ್ರಹದ ಸಾಕ್ಷಿ ಇದೆ. ರಬ್ಬರ್ ಮರ ವರ್ಷಕ್ಕೊಮ್ಮೆ ಎಲೆ ಉದುರಿಸುತ್ತದೆ. ಉತ್ತರದ ಕಡೆ ಒಣ ಕಾಲದಲ್ಲಿ ಇಡೀ ತೋಟ ಒಟ್ಟಿಗೆ ಬೋಳಾಗಿ, ಕೆಲವೇ ವಾರದಲ್ಲಿ ಮತ್ತೆ ಚಿಗುರುತ್ತದೆ. ಉಪಗ್ರಹದ ಚಿತ್ರದಲ್ಲಿ ಈ ಲಯವನ್ನು ಹಿಡಿದೇ ಕಾಡು ಯಾವುದು, ರಬ್ಬರ್ ಯಾವುದು ಅಂತ ಬೇರೆ ಮಾಡುತ್ತಾರೆ. ಭೂಮಧ್ಯರೇಖೆಯ ಹತ್ತಿರ, ಒಣ ಕಾಲವೇ ಸರಿಯಾಗಿ ಇಲ್ಲದ ಕಡೆ, ಮರಗಳು ಒಟ್ಟಿಗೆ ಎಲೆ ಉದುರಿಸುವುದಿಲ್ಲ, ಅಲ್ಲಿ ಈ ಕೆಲಸ ಕಷ್ಟ. ಮೋಡದ ಕಾಟ ಬೇರೆ. ಇಷ್ಟೆಲ್ಲ ತೊಡಕಿನ ಮಧ್ಯೆ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ನಕ್ಷೆಯೊಂದರ ಪ್ರಕಾರ 1993ರಿಂದ ಈಚೆಗೆ ಆಗ್ನೇಯ ಏಷ್ಯಾದಲ್ಲಿ ರಬ್ಬರಿಗಾಗಿ 40 ಲಕ್ಷ ಹೆಕ್ಟೇರಿಗಿಂತ ಜಾಸ್ತಿ ಕಾಡು ಹೋಗಿದೆ. ಅದರಲ್ಲಿ ಕನಿಷ್ಠ 20 ಲಕ್ಷ 2000ನೇ ಇಸವಿಯ ನಂತರದ್ದು. ಅದುವರೆಗೆ ನೀತಿ ರೂಪಿಸುವವರು ನಂಬಿಕೊಂಡಿದ್ದ ಅಂಕಿಗಳಿಗಿಂತ ಇದು ಎರಡು ಮೂರು ಪಟ್ಟು ಹೆಚ್ಚು. ತಾಳೆ ಎಣ್ಣೆಯ ಮೇಲೆ ಎಲ್ಲರ ಕಣ್ಣಿತ್ತು, ರಬ್ಬರ್ ಸದ್ದಿಲ್ಲದೆ ನುಸುಳಿಕೊಂಡು ಹೋಯಿತು.

ಹೋಗಲಿ, ಇಂಗಾಲ ಒಮ್ಮೆ ತೋಟದಲ್ಲಿ ಕೂತ ಮೇಲೆ ಅದು ಎಷ್ಟು ಭದ್ರ? ಇಲ್ಲಿ ಸ್ವಲ್ಪ ಇತಿಹಾಸ ಬೇಕು. 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಅನ್ನುವ ಇಂಗ್ಲಿಷಿನವನು ಅಮೆಜಾನಿನಿಂದ ಸುಮಾರು 70,000 ರಬ್ಬರ್ ಬೀಜ ಲಂಡನ್ನಿನ ಕ್ಯೂ ಅನ್ನುವ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳು ಸಿಲೋನಿಗೆ, ಸಿಂಗಪುರಕ್ಕೆ ಬಂದವು. ಏಷ್ಯಾದ ತೋಟಗಳ ಬಹುಪಾಲು ಮರಗಳ ವಂಶ ಅಲ್ಲಿಂದಲೇ. ಅದರಲ್ಲೂ ಈಗ ನೆಡುವುದು ಆರ್‌ಆರ್‌ಐಎಂ 600, ಆರ್‌ಆರ್‌ಐಐ 105, ಜಿಟಿ 1 ಅಂಥ ಕೆಲವೇ ಕಸಿ ತಳಿಗಳನ್ನು. ಸಾವಿರಾರು ಹೆಕ್ಟೇರ್ ಅಂದರೂ ತಳಿಯ ಲೆಕ್ಕದಲ್ಲಿ ಒಂದೇ ಮರ. ಇನ್ನು ಹುಟ್ಟೂರಿನ ಕಥೆ ನೋಡಿ. ದಕ್ಷಿಣ ಅಮೆರಿಕದಲ್ಲಿ ಒಂದು ಶಿಲೀಂಧ್ರದ ಎಲೆರೋಗ ಇದೆ. ಮರಗಳನ್ನು ಒತ್ತೊತ್ತಾಗಿ ನೆಟ್ಟ ಕಡೆ ಎಲೆಯೇ ನಿಲ್ಲಲು ಬಿಡುವುದಿಲ್ಲ. ಹೆನ್ರಿ ಫೋರ್ಡ್ 1928ರ ಸುಮಾರಿಗೆ ಬ್ರೆಜಿಲ್‌ನಲ್ಲಿ ಫೋರ್ಡ್‌ಲ್ಯಾಂಡಿಯಾ ಅಂತ ಊರನ್ನೇ ಕಟ್ಟಿ ರಬ್ಬರ್ ತೋಟ ಹಾಕಿದ. ಎಲೆರೋಗ ಅದನ್ನು ನೆಲಕ್ಕೆ ಕೆಡವಿತು. 1945ರಲ್ಲಿ ಎಲ್ಲವನ್ನೂ ಬ್ರೆಜಿಲ್ ಸರ್ಕಾರಕ್ಕೆ ಬಿಟ್ಟುಕೊಟ್ಟು ಕಂಪನಿ ಹೊರಟಿತು. ಆ ರೋಗ ಏಷ್ಯಾಕ್ಕೆ ಬರದ ಹಾಗೆ ಎಲ್ಲ ದೇಶಗಳೂ ಕಾಯುತ್ತಿವೆ. ಬಂದರೆ ಹೋಗುವುದು ಟೈರ್ ಉದ್ಯಮ ಒಂದೇ ಅಲ್ಲ, ತೋಟಗಳಲ್ಲಿ ಇದೆ ಅಂತ ನಾವು ಬರೆದುಕೊಂಡ ಇಂಗಾಲವೂ ಹೋಗುತ್ತದೆ.

ರೋಗ ಬರದಿದ್ದರೂ ಗಾಳಿ ಇದೆ. ರಬ್ಬರ್ ಕಾಂಡ ಸುಲಭಕ್ಕೆ ಮುರಿಯುವಂಥದ್ದು. ಚೀನಾದ ಹೈನಾನ್ ದ್ವೀಪದ ತೋಟಗಳಿಗೆ ಚಂಡಮಾರುತದ ಹೊಡೆತ ಮತ್ತೆ ಮತ್ತೆ ಬೀಳುತ್ತದೆ. ಮತ್ತೆ, ಎಲ್ಲಕ್ಕಿಂತ ದೊಡ್ಡ ಚಂಡಮಾರುತ ಅಂದರೆ ಬೆಲೆ. 2011ರ ಆರಂಭದಲ್ಲಿ ರಬ್ಬರ್ ಬೆಲೆ ಆಕಾಶ ಮುಟ್ಟಿತ್ತು. ಆ ಭರದಲ್ಲಿ ಕಡಿದಾದ ಗುಡ್ಡ, ಚಳಿಯ ಎತ್ತರ ಅಂತ ನೋಡದೆ ರಬ್ಬರಿಗೆ ಸರಿಹೊಂದದ ಕಡೆಯಲ್ಲೆಲ್ಲ ನೆಟ್ಟರು. ಆ ಗಿಡಗಳು ಹಾಲು ಕೊಡುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಆಗ ಬೆಳೆಗಾರ ಏನು ಮಾಡಬೇಕು? ಆಯಸ್ಸು ಮುಗಿಯುವ ಮೊದಲೇ ಕಡಿದು ಬೇರೆ ಬೆಳೆಗೆ ಹೋಗುತ್ತಾನೆ. ಅವನನ್ನು ಬೈಯುವುದರಲ್ಲಿ ಅರ್ಥ ಇಲ್ಲ. ಪ್ರಪಂಚದ ರಬ್ಬರಿನ ಬಹುಪಾಲು ಬರುವುದು ಇಂಥ ಸಣ್ಣ ಹಿಡುವಳಿದಾರರಿಂದ.

ಇದಕ್ಕೇ ಅಲ್ಲವೇ ಕಾರ್ಬನ್ ಕ್ರೆಡಿಟ್, ಅಂದರೆ ಹಿಡಿದಿಟ್ಟ ಇಂಗಾಲಕ್ಕೆ ಸಿಗುವ, ದುಡ್ಡಿಗೆ ಮಾರಬಹುದಾದ ಪ್ರಮಾಣಪತ್ರ, ಇರುವುದು ಅಂತ ಕೇಳುತ್ತೀರಿ. ಇರಬಹುದು, ಆದರೆ ನಿಯಮ ಸರಿಯಾಗಿ ಓದಬೇಕು. ಕ್ರೆಡಿಟ್‌ಗಳನ್ನು ನೋಂದಾಯಿಸುವ ದೊಡ್ಡ ಸಂಸ್ಥೆಗಳಲ್ಲಿ ಒಂದಾದ ವೆರಾದ ನಿಯಮದಲ್ಲಿ, ಕಡಿದು ಮತ್ತೆ ನೆಡುವ ತೋಟಕ್ಕೆ ಕ್ರೆಡಿಟ್ ಸಿಗುವುದು ದೀರ್ಘಾವಧಿಯ ಸರಾಸರಿಯವರೆಗೆ ಮಾತ್ರ. ನಾನು ಹೇಳಿದ 66 ಟನ್ ಅಲ್ಲ, 33ರ ಲೆಕ್ಕ. ಜೊತೆಗೆ ಹಿಂದಿನ ಹತ್ತು ವರ್ಷದಲ್ಲಿ ಸಹಜ ಕಾಡು ಕಡಿದ ಜಾಗ ಆಗಿರಬಾರದು. ಇನ್ನೊಂದು ಷರತ್ತು ಇದಕ್ಕಿಂತ ಗಟ್ಟಿ: ಕ್ರೆಡಿಟ್‌ನ ದುಡ್ಡು ಇಲ್ಲದಿದ್ದರೆ ಈ ತೋಟ ಆಗುತ್ತಿರಲಿಲ್ಲ ಅಂತ ತೋರಿಸಬೇಕು. ರಬ್ಬರಿಗೆ ಒಳ್ಳೆಯ ಬೆಲೆ ಇದ್ದಾಗ ರಬ್ಬರಿಗಾಗಿಯೇ ನೆಟ್ಟವನು ಇದನ್ನು ಹೇಗೆ ತೋರಿಸುತ್ತಾನೆ?

ಇದೇ ಲೆಕ್ಕವನ್ನು ತಿರುಗಿಸಿ, ಕಾಡನ್ನು ಕಡಿಯದೆ ಬಿಟ್ಟರೆ ಎಷ್ಟು ದುಡ್ಡು ಕೊಡಬೇಕು ಅಂತ ಕಾಂಬೋಡಿಯಾದ ಕಾಡುಗಳಿಗೆ 2018ರಲ್ಲಿ ಲೆಕ್ಕ ಹಾಕಿದರು. ರಬ್ಬರ್ ಹಾಕಿದರೆ ಬರುವ ಲಾಭಕ್ಕೆ ಸರಿದೂಗಬೇಕಾದರೆ ಒಂದು ಟನ್ ಡೈಆಕ್ಸೈಡ್‌ಗೆ 30ರಿಂದ 51 ಡಾಲರ್ ಬೇಕಿತ್ತು. ಆಗ ಸ್ವಯಂಪ್ರೇರಿತ ಮಾರುಕಟ್ಟೆಯಲ್ಲಿ ಕಾಡಿನ ಕ್ರೆಡಿಟ್‌ಗೆ ಸಿಗುತ್ತಿದ್ದದ್ದು ಅದರ ಸಣ್ಣ ಪಾಲು. ಕಾಡು ಯಾಕೆ ಸೋಲುತ್ತದೆ ಅನ್ನುವುದಕ್ಕೆ ಬೇರೆ ವಿವರಣೆಯೇ ಬೇಡ.

ಇರುವ ತೋಟದಲ್ಲಿ ಇಂಗಾಲ ಹೆಚ್ಚಿಸುವ ದಾರಿಗಳು ಇಲ್ಲದಿಲ್ಲ. ಸಾಲಿನ ಮಧ್ಯೆ ಪ್ಯುರೇರಿಯಾ, ಮ್ಯುಕುನಾದಂಥ ದ್ವಿದಳ ಬಳ್ಳಿ ಹಬ್ಬಿಸಿದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ, ಸಾರಜನಕವೂ ಸಿಗುತ್ತದೆ. ಅಷ್ಟರ ಮಟ್ಟಿಗೆ ಯೂರಿಯಾ ಕಡಿಮೆ ಹಾಕಬಹುದು. ಅದರಿಂದ ಏಳುವ ನೈಟ್ರಸ್ ಆಕ್ಸೈಡ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಹಿಡಿಯುತ್ತದೆ, ಹಾಗಾಗಿ ಇದು ಸಣ್ಣ ಉಳಿತಾಯ ಅಲ್ಲ. ಮರು ನೆಡುವಾಗ ಕಸಕಡ್ಡಿ ಸುಡದೆ ಸಾಲಿನಲ್ಲೇ ಕೊಳೆಯಲು ಬಿಡಬಹುದು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಕಾಡಿನಿಂದ ಹೋದ 159 ಟನ್ ಎದುರು ಇವನ್ನು ಇಟ್ಟು ತೂಗಬೇಡಿ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: ರಬ್ಬರ್ ಬೆಳೆಯದಿದ್ದರೆ ಪೆಟ್ರೋಲಿಯಂನಿಂದ ಮಾಡುವ ಕೃತಕ ರಬ್ಬರ್ ಬರುತ್ತದೆ. ಅದಕ್ಕಿಂತ ಇದು ವಾಸಿ ಅಲ್ವಾ?

ಮರದ ರಬ್ಬರಿನ ಇಂಗಾಲ ಗಾಳಿಯಿಂದ ಬಂದದ್ದು, ಉರಿದರೂ ಗಾಳಿಗೇ ಹೋಗುತ್ತದೆ. ಕೃತಕ ರಬ್ಬರಿನದು ನೆಲದಡಿಯಿಂದ ಎತ್ತಿದ್ದು, ಉರಿದರೆ ಗಾಳಿಗೆ ಹೊಸದಾಗಿ ಸೇರುತ್ತದೆ. ಅಷ್ಟು ಮಟ್ಟಿಗೆ ನಿಮ್ಮ ಮಾತು ಸರಿ. ಲಾರಿ, ವಿಮಾನದ ಟೈರ್‌ಗಳಿಗೆ ನೈಸರ್ಗಿಕ ರಬ್ಬರ್ ಬೇಕೇ ಬೇಕು ಅನ್ನುವುದೂ ನಿಜ. ಆದರೆ ಕಾಡು ಕಡಿದು ಬೆಳೆದ ರಬ್ಬರಿನ ಲೆಕ್ಕ ಹಾಕಿ ನೋಡಿ. ಜಾಂಬಿಯ 159 ಟನ್ ಅಂದರೆ ಸುಮಾರು 583 ಟನ್ ಡೈಆಕ್ಸೈಡ್. ಆ ಹೆಕ್ಟೇರ್ ಒಂದು ಆಯಸ್ಸಿನಲ್ಲಿ ಕೊಡುವ ರಬ್ಬರ್ ನಮ್ಮ ಲೆಕ್ಕದಲ್ಲಿ 30 ಟನ್. ಭಾಗಿಸಿ. ಒಂದು ಟನ್ ರಬ್ಬರಿನ ಬೆನ್ನಿಗೆ 19 ಟನ್ ಡೈಆಕ್ಸೈಡ್ ಬಿತ್ತು. ಎರಡನೆಯ ಸಲ ನೆಟ್ಟು ಎರಡೂ ಆಯಸ್ಸಿನ ರಬ್ಬರಿನ ಮೇಲೆ ಹಂಚಿದರೆ ಅರ್ಧವಾಗುತ್ತದೆ, ಆದರೂ ಕಡಿಮೆ ಅಲ್ಲ. ಹುಲ್ಲುಗಾವಲಿನಂಥ ಬಡ ನೆಲದಲ್ಲಿ ಬೆಳೆದ ರಬ್ಬರಿಗೆ ಈ ಹೊರೆ ಇಲ್ಲ. ಎರಡೂ ಒಂದೇ ಟೈರಿನಲ್ಲಿ ಬೆರೆತು ಬರುತ್ತವೆ. ಯುರೋಪಿನ ಕಾನೂನು ತೋಟದ ಅಕ್ಷಾಂಶ ರೇಖಾಂಶ ಕೊಡಿ ಅಂತ ಹಟ ಹಿಡಿದಿರುವುದು ಅದಕ್ಕೇ.

ಇನ್ನೊಬ್ಬರ ಪ್ರಶ್ನೆ: ಹಾಲು ನಿಂತ ಮೇಲೂ ಮರಗಳನ್ನು ಕಡಿಯದೆ ಹಾಗೇ ಬಿಟ್ಟರೆ?

ಇಂಗಾಲಕ್ಕೆ ಒಳ್ಳೆಯದು, ಬೆಳೆಗಾರನಿಗೆ ಹೊಟ್ಟೆಗೆ ಬೇಕಲ್ಲ. ಆದರೆ ಇದಕ್ಕೆ ಹತ್ತಿರದ ಒಂದು ಪದ್ಧತಿ ಜಾಂಬಿಯಲ್ಲೇ ಇದೆ. ಅಲ್ಲಿನ ಹಳೆಯ ಕಾಡು ರಬ್ಬರ್ ತೋಟಗಳಲ್ಲಿ ಇಡೀ ತೋಟ ಕಡಿಯುವುದಿಲ್ಲ. ಒಂದು ಮರ ಸತ್ತು ಅಥವಾ ಮುದಿಯಾಗಿ ಬೆಳಕು ಬಿದ್ದ ಕಡೆ ಒಂದು ಹೊಸ ಸಸಿ ನೆಡುತ್ತಾರೆ. ಸಿಸಿಪಾನ್ ಅಂತ ಅದನ್ನು ಕರೆಯುತ್ತಾರೆ. ಸುತ್ತ ಹಣ್ಣಿನ ಮರ, ನಾಟಾ ಮರ, ತಾನಾಗಿ ಹುಟ್ಟಿದ ಗಿಡಗಳು ಎಲ್ಲ ಇರುತ್ತವೆ. ಎಲ್ಲ ವಯಸ್ಸಿನ ಮರಗಳೂ ಒಟ್ಟಿಗೆ ಇರುವುದರಿಂದ ಇಂಗಾಲ ಯಾವತ್ತೂ ಸೊನ್ನೆಗೆ ಇಳಿಯುವುದಿಲ್ಲ. ಕಾಡಿಗೆ ಹೋಲಿಸಿದರೆ ನಷ್ಟ 159 ಟನ್ ಆಗುವ ಕಡೆ 116ಕ್ಕೆ ನಿಂತದ್ದು ಇಂಥ ತೋಟದಲ್ಲೇ. ಕಷ್ಟ ಏನೆಂದರೆ ಅಲ್ಲಿನ ಮರಗಳು ಬೀಜದಿಂದ ಹುಟ್ಟಿದವು, ಇಳುವರಿ ಕಸಿ ತಳಿಯ ತೋಟದ ಅರ್ಧಕ್ಕಿಂತ ಕಡಿಮೆ. ಪಕ್ಕದವನು ತಾಳೆ ಹಾಕಿ ದುಡ್ಡು ಎಣಿಸುವಾಗ ಇವನು ಎಷ್ಟು ವರ್ಷ ತಡೆದುಕೊಳ್ಳುತ್ತಾನೆ? ಆ ತೋಟಗಳು ವರ್ಷ ವರ್ಷ ಕರಗುತ್ತಿವೆ. ಕಸಿ ತಳಿಯನ್ನೇ ಹಾಕಿ, ಸಾಲಿನ ನಡುವೆ ಮಾತ್ರ ಬೇರೆ ಮರಗಳಿಗೆ ಜಾಗ ಬಿಡುವ ಪ್ರಯೋಗಗಳು ಇಂಡೋನೇಷ್ಯಾದಲ್ಲಿ ನಡೆದಿವೆ. ಮೊದಲ ಎರಡು ಮೂರು ವರ್ಷ ರಬ್ಬರ್ ಗಿಡದ ಬುಡದ ಸುತ್ತ ಕಳೆ ತೆಗೆದರೆ, ಮಧ್ಯದ ಗಿಡಗಂಟಿಯನ್ನು ಹಾಗೇ ಬಿಟ್ಟರೂ ಕಸಿ ಗಿಡ ಮೇಲೆ ಬರುತ್ತದೆ ಅಂತ ಕಂಡಿದೆ.